ನಡಿಗೆ ಒಂದು, ಓಡಾಟ ಇನ್ನೊಂದು

ಹೋದ ವರ್ಷ ಆಸ್ಪತ್ರೆಯೊಂದರ ಫಾರ್ಮು ಅನುವಾದಕ್ಕೆ ಬಂತು. ಲಕ್ವ ಹೊಡೆದು ಚೇತರಿಸಿಕೊಳ್ಳುತ್ತಿರುವವರನ್ನು ಮನೆಗೆ ಕಳಿಸುವಾಗ ಮನೆಯವರ ಕೈಗೆ ಕೊಡುವ ಕಾಗದ ಅದು. ಅದರಲ್ಲಿ ಎರಡು ಕಾಲಂ. ಎಡಗಡೆಯದನ್ನು ಫಿಸಿಯೋಥೆರಪಿಸ್ಟ್ ತುಂಬಬೇಕು, ಬಲಗಡೆಯದನ್ನು ಆಕ್ಯುಪೇಷನಲ್ ಥೆರಪಿಸ್ಟ್ ತುಂಬಬೇಕು. ಎಡಗಡೆಯ ಮೊದಲ ಸಾಲು ‘ಆಂಬ್ಯುಲೇಷನ್’, ಬಲಗಡೆಯ ಮೊದಲ ಸಾಲು ‘ಫಂಕ್ಷನಲ್ ಮೊಬಿಲಿಟಿ’. ನನ್ನ ಕರಡಿನಲ್ಲಿ ಎರಡೂ ‘ನಡೆಯುವುದು’ ಆಗಿದ್ದವು. ತಿದ್ದುವವರು ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ಕೇಳಿದ್ದರು: ಒಂದೇ ಕೆಲಸಕ್ಕೆ ಇಬ್ಬರು ಯಾಕೆ?

ಪದ ಹುಡುಕಲು ಕೂತವಳು ಚರಿತ್ರೆ ಹುಡುಕುತ್ತಾ ಕೂತೆ. ಆಕ್ಯುಪೇಷನಲ್ ಥೆರಪಿಗೆ ನಮ್ಮಲ್ಲಿ ‘ಔದ್ಯೋಗಿಕ ಚಿಕಿತ್ಸೆ’ ಅನ್ನುವ ಪದವೊಂದು ಚಾಲ್ತಿಯಲ್ಲಿದೆ. ಅದನ್ನು ಕೇಳಿದವರು ಇದೇನೋ ಕೆಲಸ ಕೊಡಿಸುವ ಯೋಜನೆ ಅಂದುಕೊಳ್ಳುತ್ತಾರೆ. ಇಂಗ್ಲಿಷಿನ ಆ ಪದ ಹುಟ್ಟಿದಾಗ ಅದರಲ್ಲಿ ಸಂಬಳದ ಕೆಲಸವೊಂದೇ ಇರಲಿಲ್ಲ. ಮನುಷ್ಯ ತನ್ನ ಹೊತ್ತನ್ನು ಯಾವುದರಲ್ಲಿ ತೊಡಗಿಸುತ್ತಾನೋ ಅದೆಲ್ಲ ಇತ್ತು: ಸ್ನಾನ, ಅಡುಗೆ, ತೋಟ, ಆಟ, ದೇವರ ಪೂಜೆ ಕೂಡ.

ಆ ಪದ ಕೊಟ್ಟವರು ಜಾರ್ಜ್ ಎಡ್ವರ್ಡ್ ಬಾರ್ಟನ್ ಎಂಬ ಅಮೆರಿಕದ ವಾಸ್ತುಶಿಲ್ಪಿ. ಅವರು ವೈದ್ಯರಲ್ಲ, ರೋಗಿ. ಕ್ಷಯ ಬಹಳ ಹಿಂದೆಯೇ ಅಂಟಿತ್ತು. ಆಮೇಲೆ ಎಡಗಾಲಿನ ಬೆರಳುಗಳನ್ನು ಕತ್ತರಿಸಬೇಕಾಯಿತು, ಅದರ ಬೆನ್ನಿಗೇ ದೇಹದ ಎಡಭಾಗ ಸ್ವಾಧೀನ ತಪ್ಪಿತು. ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಅವರು ಒಂದು ಮನೆ ಹಿಡಿದು, ಅದಕ್ಕೆ ‘ಕನ್ಸೊಲೇಷನ್ ಹೌಸ್’ ಎಂದು ಹೆಸರಿಟ್ಟು, ಮರಗೆಲಸ ಮತ್ತು ತೋಟದ ಕೆಲಸದಿಂದ ತಮ್ಮ ಮೈಯನ್ನು ತಾವೇ ಸರಿಪಡಿಸಿಕೊಳ್ಳಲು ಹೊರಟರು. 1917ರ ಮಾರ್ಚ್‌ನಲ್ಲಿ ಅದೇ ಮನೆಯಲ್ಲಿ ಕೆಲವೇ ಜನ ಕೂಡಿ ಈ ವೃತ್ತಿಯ ಮೊದಲ ಸಂಘ ಕಟ್ಟಿದರು. ಅಂದರೆ ಆಕ್ಯುಪೇಷನಲ್ ಥೆರಪಿಯ ಆರಂಭದಲ್ಲೇ ನೆಟ್ಟಗೆ ನಡೆಯಲಾಗದ ಒಬ್ಬ ಮನುಷ್ಯನಿದ್ದಾನೆ. ‘ಫಿಸಿಯೋದವರು ಕಾಲಿಗೆ, ಓಟಿಯವರು ಕೈಗೆ’ ಎಂದು ಆಸ್ಪತ್ರೆಯ ಕಾರಿಡಾರುಗಳಲ್ಲಿ ಹೇಳುವ ಮಾತು ಅಲ್ಲಿಗೇ ನಿಲ್ಲುವುದಿಲ್ಲ.

ಫಿಸಿಯೋಥೆರಪಿಯ ವಂಶಾವಳಿ ಬೇರೆ. ಸ್ವೀಡನ್‌ನ ಪೆರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ತೆರೆದ ಅಂಗಸಾಧನೆಯ ಸಂಸ್ಥೆ ಒಂದು ಬೇರು. ಲಂಡನ್ನಿನಲ್ಲಿ 1894ರಲ್ಲಿ ನಾಲ್ವರು ನರ್ಸ್‌ಗಳು ಕಟ್ಟಿದ ಮಸಾಜ್ ತರಬೇತಿ ಪಡೆದವರ ಸಂಘ ಇನ್ನೊಂದು. ಮಸಾಜ್ ಹೆಸರಿನಲ್ಲಿ ನಡೆಯುತ್ತಿದ್ದ ಬೇರೆ ವ್ಯವಹಾರಗಳಿಂದ ತಮ್ಮ ಕೆಲಸದ ಮರ್ಯಾದೆ ಕಾಪಾಡಿಕೊಳ್ಳಲು ಆ ಸಂಘ ಬೇಕಾಗಿತ್ತು. ಸ್ನಾಯು, ಕೀಲು, ನೀರು, ವಿದ್ಯುತ್ತು, ವ್ಯಾಯಾಮ ಅದರ ಸಾಮಗ್ರಿ.

ಎರಡೂ ಹೊಳೆಗಳು ಮೊದಲ ಮಹಾಯುದ್ಧದಲ್ಲಿ ಒಂದೆಡೆ ಸೇರಿದವು. ಗಾಯಗೊಂಡ ಸೈನಿಕರನ್ನು ಮತ್ತೆ ಬದುಕಿಗೆ ಹಚ್ಚಲು ಅಮೆರಿಕದ ಸೈನ್ಯ ‘ರೀಕನ್‌ಸ್ಟ್ರಕ್ಷನ್ ಏಡ್’ ಎಂಬ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ನೇಮಿಸಿತು. ಪದವಿ ಒಂದೇ, ಶಾಖೆ ಎರಡು. ಒಂದು ಶಾಖೆಯವರು ಮಸಾಜ್, ವ್ಯಾಯಾಮ, ನೀರಿನ ಚಿಕಿತ್ಸೆ ಮಾಡಿಸಬೇಕು. ಇನ್ನೊಂದು ಶಾಖೆಯವರು ನೇಯ್ಗೆ, ಬುಟ್ಟಿ ಹೆಣೆಯುವುದು, ಮರಗೆಲಸ ಕಲಿಸಬೇಕು. ಸೈನ್ಯದ ಜೊತೆ ದುಡಿದರೂ ಇವರಿಗೆ ಸೈನ್ಯದ ಹುದ್ದೆ ಇರಲಿಲ್ಲ, ನಾಗರಿಕ ನೌಕರರು. ಮೊದಲ ಶಾಖೆಯ ಮೇರಿ ಮೆಕ್‌ಮಿಲನ್ 1921ರಲ್ಲಿ ಅಮೆರಿಕದ ಫಿಸಿಯೋಥೆರಪಿ ಸಂಘದ ಮೊದಲ ಅಧ್ಯಕ್ಷೆಯಾದರು. ಯುದ್ಧ ಮುಗಿದ ಮೇಲೆ ಎರಡೂ ಶಾಖೆಗಳು ಎರಡು ವೃತ್ತಿಗಳಾಗಿ ತಂತಮ್ಮ ದಾರಿ ಹಿಡಿದವು.

ಕಾಗದದ ಮೇಲೆ ಹಾಕಿದ ಈ ಗೆರೆ ರೋಗಿಯ ಕಾಲಿನ ಹತ್ತಿರ ಬಂದಾಗ ಅಳಿಸಿಹೋಗುತ್ತಿತ್ತು. ಆ ಕಾಲದ ಆಕ್ಯುಪೇಷನಲ್ ಥೆರಪಿ ಕೋಣೆಗಳಲ್ಲಿ ಸೈಕಲ್ ತುಳಿದು ಓಡಿಸುವ ಗರಗಸ ಇರುತ್ತಿತ್ತು. ಕೂತು ಪೆಡಲ್ ತುಳಿದರೆ ಮುಂದೆ ಗರಗಸ ಆಡುತ್ತದೆ, ಹಲಗೆ ಕತ್ತರಿಸುತ್ತದೆ. ಮಗ್ಗದ ಪೆಡಲು, ಕಾಲಿನಿಂದ ತಿರುಗಿಸುವ ಚರಕಿ ಎಲ್ಲವೂ ಇದೇ ಜಾತಿಯವು. ಮಂಡಿ ಮಡಿಸಿ ಬಿಚ್ಚುವ ವ್ಯಾಯಾಮ ಅದು, ಕೊನೆಗೆ ಕೈಯಲ್ಲಿ ಒಂದು ಆಟಿಕೆ ಅಥವಾ ಒಂದು ಸ್ಟೂಲು. ಅದನ್ನು ಯಾವ ಕಾಲಂನಲ್ಲಿ ಬರೆಯುವುದು?

ಇಲ್ಲಿ ಇನ್ನೊಂದು ತಮಾಷೆ ಇದೆ. ಇವತ್ತು ‘ದಿನನಿತ್ಯದ ಚಟುವಟಿಕೆಗಳು’ ಅಂದರೆ ಅದು ಆಕ್ಯುಪೇಷನಲ್ ಥೆರಪಿಯ ಸ್ವಂತ ಹಿತ್ತಲು ಎಂದೇ ಎಲ್ಲರೂ ತಿಳಿಯುತ್ತಾರೆ. ಆದರೆ 1945ರಲ್ಲಿ ನ್ಯೂಯಾರ್ಕಿನಲ್ಲಿ ದಿನನಿತ್ಯದ ಬದುಕು ದೇಹದಿಂದ ಏನೇನು ಕೇಳುತ್ತದೆ ಎಂದು ವೈದ್ಯ ಜಾರ್ಜ್ ಡೀವರ್ ಜೊತೆ ಪಟ್ಟಿ ಮಾಡಿದ ಮೇರಿ ಎಲೀನರ್ ಬ್ರೌನ್ ಫಿಸಿಯೋಥೆರಪಿಸ್ಟ್. 1965ರಲ್ಲಿ ಬಂದ, ಈಗಲೂ ಜಗತ್ತಿನೆಲ್ಲೆಡೆ ಬಳಸುವ ಬಾರ್ತೆಲ್ ಸೂಚ್ಯಂಕಕ್ಕೆ ಹೆಸರು ಕೊಟ್ಟ ಡೊರೊತಿಯಾ ಬಾರ್ತೆಲ್ ಕೂಡ ಫಿಸಿಯೋಥೆರಪಿಸ್ಟ್. ಅವರಿಬ್ಬರ ನಡುವಿನ ಕಾಲದಲ್ಲಿ ಮಾರ್ಗರೆಟ್ ರೂಡ್ ಎಂಬವರು ಎರಡೂ ವೃತ್ತಿಗಳ ತರಬೇತಿ ಪಡೆದು ಎರಡರಲ್ಲೂ ಪಾಠ ಹೇಳಿದರು.

ಬಾರ್ತೆಲ್ ಅಂಕಪಟ್ಟಿಯನ್ನು ಸ್ವಲ್ಪ ನಿಂತು ನೋಡಬೇಕು. ಒಟ್ಟು 100 ಅಂಕ. ಸಮತಟ್ಟು ನೆಲದಲ್ಲಿ 50 ಗಜ ನಡೆದರೆ 15. ಹಾಸಿಗೆಯಿಂದ ಕುರ್ಚಿಗೆ ಬಂದರೆ 15. ಮೆಟ್ಟಿಲಿಗೆ 10. ಶೌಚಕ್ಕೆ 10. ಪರೇಲಿನ ಹಳೆಯ ಚಾಳೊಂದರ ಒಂದೇ ಕೋಣೆಯ ಮನೆಗೆ ಇದನ್ನು ಹಿಡಿದುಕೊಂಡು ಹೋಗಿ. ಒಳಗೆ ನಡೆಯಲು 5 ಗಜ ಇಲ್ಲ. ಹೊರಗಿನ ಮೊಗಸಾಲೆಯ ತುದಿಯಲ್ಲಿ ಎಲ್ಲರ ಶೌಚಾಲಯ. ದಾರಿಯಲ್ಲಿ ನೀರಿನ ಡ್ರಮ್ಮು, ಚಪ್ಪಲಿ ರಾಶಿ, ಒದ್ದೆ ನೆಲ, ಹೊಸ್ತಿಲು. ತಲುಪಿದ ಮೇಲೆ ಕುಕ್ಕರುಗಾಲಲ್ಲಿ ಕೂರಬೇಕು, ಎದ್ದೇಳಬೇಕು. ಅಷ್ಟು ದೂರ ನಡೆಯಲು ಬೇಕಾದ ಸೊಂಟದ ಬಲ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ದಾಟಿಸುವ ಕಲೆ, ಮುಂಗಾಲು ನೆಲಕ್ಕೆ ಎಳೆಯದ ಹಾಗೆ ಹೆಜ್ಜೆ ಎತ್ತುವುದು ಫಿಸಿಯೋಥೆರಪಿಸ್ಟ್ ಕಲಿಸುವಂಥವು. ಎಡಗೈ ಇನ್ನೂ ಜೋಲುತ್ತಿರುವಾಗ ಬಲಗೈಯಲ್ಲಿ ಕೋಲು ಹಿಡಿದರೆ ಬಕೆಟ್ಟನ್ನು ಯಾವ ಕೈಯಲ್ಲಿ ಹಿಡಿಯುವುದು, ಸೀರೆ ಎತ್ತಿಕಟ್ಟುವುದು ಹೇಗೆ, ಗೋಡೆಗೆ ಹಿಡಿಕೆ ಎಲ್ಲಿ ಬೇಕು ಎನ್ನುವುದು ಆಕ್ಯುಪೇಷನಲ್ ಥೆರಪಿಸ್ಟ್ ನೋಡುವಂಥವು. ವಾಕರ್ ಕೊಟ್ಟರೆ ಎರಡೂ ಕೈ ಅದಕ್ಕೇ ಹೋಗುತ್ತವೆ. ಅಡುಗೆಮನೆಯಿಂದ ಒಂದು ಲೋಟ ಕಾಫಿ ತಂದುಕೊಳ್ಳುವ ಹಾಗಿಲ್ಲ. ವಾಕರಿಗೆ ಚೀಲವೋ ಟ್ರೇಯೋ ಕಟ್ಟಬೇಕೆಂದು ಯಾರಿಗೆ ಮೊದಲು ಹೊಳೆಯುತ್ತದೋ ಅವರದೇ ಕೆಲಸ ಎನ್ನಬೇಕಷ್ಟೇ.

ಪರೇಲಿನ ಹೆಸರು ಸುಮ್ಮನೆ ಎತ್ತಲಿಲ್ಲ. ಗಿರಣಿಗಳ ನಡುವೆ 1926ರಲ್ಲಿ ಬಾಗಿಲು ತೆರೆದ ಕೆಇಎಂ ಆಸ್ಪತ್ರೆಯಲ್ಲೇ ಭಾರತದ ಈ ಎರಡೂ ವೃತ್ತಿಗಳ ಶಾಲೆ ಶುರುವಾಗಿದ್ದು. ನಾನು ಯಾರನ್ನು ಕೇಳಿದರೂ ಫಿಸಿಯೋಥೆರಪಿ ಮೊದಲು, ಇನ್ನೊಂದು ಆಮೇಲೆ ಬಂದ ತಂಗಿ ಎನ್ನುತ್ತಾರೆ. ನಡೆದದ್ದು ತಿರುಗಾಮುರುಗಾ. ಆಕ್ಯುಪೇಷನಲ್ ಥೆರಪಿ ಶಾಲೆ 1950ರಲ್ಲಿ ಬಂತು. ಭಾರತ ಸರ್ಕಾರ, ಮುಂಬೈ ನಗರಪಾಲಿಕೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಕೂಡಿ ಫಿಸಿಯೋಥೆರಪಿ ಶಾಲೆ ತೆರೆದದ್ದು 1953ರಲ್ಲಿ.

ಮೊದಲನೆಯದನ್ನು ಕಟ್ಟಿದವರು ಕಮಲಾ ನಿಂಬ್ಕರ್. 1900ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಕ್ವೇಕರ್ ಕುಟುಂಬದಲ್ಲಿ ಹುಟ್ಟಿದಾಗ ಅವರ ಹೆಸರು ಎಲಿಜಬೆತ್ ಲಂಡಿ. ವಿಷ್ಣು ನಿಂಬ್ಕರ್ ಅವರನ್ನು ಮದುವೆಯಾಗಿ 1930ರಲ್ಲಿ ಮುಂಬೈಗೆ ಬಂದು ಕಮಲಾ ಆದರು. ನಲವತ್ತು ದಾಟಿದ ಮೇಲೆ ಅಮೆರಿಕಕ್ಕೆ ಹೋಗಿ ಈ ಹೊಸ ವಿದ್ಯೆ ಕಲಿತು ವಾಪಸು ಬಂದರು. (ಪುಣೆಯ ಓದುಗರಿಗೆ ಒಂದು ನಂಟು ಹೇಳಿಬಿಡುತ್ತೇನೆ: ಫಲಟಣದ ಕೃಷಿ ವಿಜ್ಞಾನಿ ಬಿ.ವಿ. ನಿಂಬ್ಕರ್ ಇವರ ಮಗ, ‘ಯುಗಾಂತ’ದ ಇರಾವತಿ ಕರ್ವೆಯವರ ಮಗಳು ಜಾಯಿ ಇವರ ಸೊಸೆ.) 1952ರಲ್ಲಿ ಆಕ್ಯುಪೇಷನಲ್ ಥೆರಪಿಸ್ಟರ ಜಾಗತಿಕ ಒಕ್ಕೂಟ ಹುಟ್ಟಿದಾಗ ಅದರ ಹತ್ತು ಸಂಸ್ಥಾಪಕ ದೇಶಗಳಲ್ಲಿ ಭಾರತವೂ ಒಂದಾಯಿತು. ಸ್ವಾತಂತ್ರ್ಯ ಬಂದು ಐದೇ ವರ್ಷ.

ನಡಿಗೆ ಎಂದರೆ ಎಲ್ಲಿಯ ನಡಿಗೆ ಎಂಬ ಪ್ರಶ್ನೆಗೆ ನಮ್ಮ ದೇಶ ಕೊಟ್ಟ ದೊಡ್ಡ ಉತ್ತರ ಮಾತ್ರ ಈ ಎರಡು ಶಾಲೆಗಳ ಹೊರಗಿಂದ, ಜೈಪುರದಿಂದ ಬಂತು. 1960ರ ದಶಕದಲ್ಲಿ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯ ಮೂಳೆ ಶಸ್ತ್ರವೈದ್ಯ ಪಿ.ಕೆ. ಸೇಠಿ ಗಮನಿಸಿದ್ದು ಇಷ್ಟು: ವಿದೇಶಿ ಮಾದರಿಯ ಕೃತಕ ಕಾಲು ಹಾಕಿಸಿಕೊಂಡು ಹೋದವರು ಅದನ್ನು ಮೂಲೆಗಿಟ್ಟು ಮತ್ತೆ ಊರುಗೋಲು ಹಿಡಿಯುತ್ತಿದ್ದರು. ಆ ಕಾಲಿಗೆ ಬೂಟು ಬೇಕು. ಬೂಟು ಹಾಕಿಕೊಂಡು ಗದ್ದೆಗೆ ಇಳಿಯುವುದು ಹೇಗೆ, ಗುಡಿಗೆ ಹೋಗುವುದು ಹೇಗೆ, ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂರುವುದು ಹೇಗೆ? ಆಸ್ಪತ್ರೆಯಲ್ಲಿ ರೋಗಿಗಳಿಗೆ ಕರಕುಶಲ ಕಲಿಸುತ್ತಿದ್ದ ರಾಮಚಂದ್ರ ಶರ್ಮಾ ಅವರ ಜೊತೆ ಸೇರಿ ರಬ್ಬರಿನ ಪಾದ ರೂಪಿಸಿದರು. ಬರಿಗಾಲಲ್ಲಿ ನಡೆಯಬಹುದು, ಕುಕ್ಕರುಗಾಲಲ್ಲಿ ಕೂರಬಹುದು. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕರಕುಶಲದ ಮೇಷ್ಟರು ರೋಗಿಯ ದಿನಚರಿ ಕಂಡಿದ್ದರು, ವೈದ್ಯರು ಹೆಜ್ಜೆಯ ಲೆಕ್ಕ ಕಂಡಿದ್ದರು. 1918ರ ಆ ಎರಡು ಶಾಖೆಗಳೇ ಬೇರೆ ವೇಷದಲ್ಲಿ ಒಂದು ಮೇಜಿನ ಸುತ್ತ ಕೂತ ಹಾಗೆ ನನಗೆ ಕಾಣುತ್ತದೆ.

ಕಾನೂನು ಈ ಜೋಡಿಯನ್ನು ಒಂದೊಂದು ಕಡೆ ಒಂದೊಂದು ರೀತಿ ಕಂಡಿದೆ. ದೆಹಲಿಯ 1997ರ ಕಾಯ್ದೆಯಲ್ಲಿ ಎರಡಕ್ಕೂ ಒಂದೇ ಕೌನ್ಸಿಲ್, ಹೆಸರಿನಲ್ಲಿ ಫಿಸಿಯೋಥೆರಪಿ ಮೊದಲು. ಮಹಾರಾಷ್ಟ್ರದಲ್ಲೂ ಒಂದೇ ಕೌನ್ಸಿಲ್, ಅಲ್ಲಿ ಆಕ್ಯುಪೇಷನಲ್ ಥೆರಪಿ ಮೊದಲು. ಭಾಷಾಶಾಸ್ತ್ರ ಓದಿದವಳಿಗೆ ಪದಗಳ ಕ್ರಮ ಸುಮ್ಮನೆ ಅನ್ನಿಸುವುದಿಲ್ಲ, ಪರೇಲಿನ ಆ ಮೂರು ವರ್ಷ ಇಲ್ಲಿ ಕೂತಿದೆಯೇನೋ ಎಂಬ ಗುಮಾನಿ. 2021ರ ಕೇಂದ್ರ ಕಾಯ್ದೆ ಎರಡನ್ನೂ ಬೇರೆ ಬೇರೆ ವರ್ಗಗಳಲ್ಲಿಟ್ಟಿದೆ. ವೃತ್ತಿಗಳಿಗೆ ಅದು ನ್ಯಾಯವೇ. ಅವುಗಳ ಓದು ಬೇರೆ, ಕಣ್ಣು ಬೇರೆ. ನನ್ನ ಚಿಂತೆ ಮನೆಯವರದ್ದು. ಮಾದರಿಗೆಂದು ಹೆಸರು ಅಳಿಸಿ ನನಗೆ ಕಳಿಸಿದ್ದ ತುಂಬಿದ ಫಾರ್ಮುಗಳಲ್ಲಿ ಎಡಗಡೆಯ ಕಾಲಂ ತುಂಬಿತ್ತು: ‘ಕೋಲಿನೊಂದಿಗೆ ಸ್ವತಂತ್ರ’. ಬಲಗಡೆ ಬಹಳಷ್ಟು ಕಡೆ ಖಾಲಿ. ಅಪ್ಪ ನಡೆಯುತ್ತಾರೆ ಎಂದು ಖುಷಿಯಿಂದ ಮನೆಗೆ ಕರೆದುಕೊಂಡು ಬಂದವರಿಗೆ ಬಚ್ಚಲ ಬಾಗಿಲಲ್ಲಿ ಅಪ್ಪ ನಿಂತುಬಿಟ್ಟಾಗ ಏನು ಮಾಡಬೇಕೆಂದು ಆ ಕಾಗದ ಹೇಳುವುದಿಲ್ಲ.

ಕನ್ನಡದಲ್ಲಿ ಇದಕ್ಕೊಂದು ಮಾತು ಮೊದಲಿಂದಲೂ ಇದೆ. ವಯಸ್ಸಾದವರ ಬಗ್ಗೆ ಫೋನಿನಲ್ಲಿ ವಿಚಾರಿಸಿದರೆ ಊರಿನವರು ‘ನಡೀತಾರೆ’ ಎನ್ನುವುದಿಲ್ಲ, ‘ಏನೋ ಓಡಾಡ್ಕೊಂಡಿದ್ದಾರೆ’ ಎನ್ನುತ್ತಾರೆ. ಅದರಲ್ಲಿ ಓಟವೂ ಇಲ್ಲ, ಆಟವೂ ಇಲ್ಲ. ಎದ್ದು ಬಚ್ಚಲಿಗೆ ಹೋಗುವುದು, ತುಳಸಿಗೆ ನೀರು ಹಾಕುವುದು, ಬಾಗಿಲು ತೆರೆಯುವುದು, ಎದುರುಮನೆಗೆ ಹೋಗಿ ಅರ್ಧ ಗಂಟೆ ಕೂತು ಬರುವುದು ಎಲ್ಲ ಇದೆ. ‘ನಡಿಗೆ’ಯನ್ನು ಅಳೆಯಬಹುದು. ‘ಓಡಾಟ’ಕ್ಕೆ ಮನೆಯ ನಕ್ಷೆ ಬೇಕು.

ಹಾಗಾಗಿ ಎಡಗಡೆ ‘ನಡೆಯುವುದು’ ಎಂದೇ ಉಳಿಸಿ, ಬಲಗಡೆ ‘ಮನೆಯೊಳಗೆ ಓಡಾಡಿಕೊಂಡಿರುವುದು’ ಎಂದು ಬರೆದು ಕಳಿಸಿದೆ. ಎರಡು ದಿನ ಬಿಟ್ಟು ಉತ್ತರ ಬಂತು. ಅರ್ಥ ಚೆನ್ನಾಗಿದೆಯಂತೆ, ಆದರೆ ಕಾಲಂನ ಅಗಲ ಸಾಲುತ್ತಿಲ್ಲವಂತೆ. ಅಚ್ಚಾದ ಫಾರ್ಮಿನಲ್ಲಿ ಅಲ್ಲಿ ‘ಚಲನೆ’ ಎಂದಿದೆ.