ಅಂಗಿಯ ಅಂಚು

ಉರ್ದುವಿನಲ್ಲಿ ಅಂಗಿಯ ಕೆಳಗಿನ ಅಂಚಿಗೆ 'ದಾಮನ್' ಎನ್ನುತ್ತೇವೆ. ಕನ್ನಡದಲ್ಲಿ ಸೆರಗೊಡ್ಡಿ ಬೇಡುವ ಹಾಗೆ ಉರ್ದುವಿನಲ್ಲಿ ದಾಮನ್ ಹರಡಿ ಬೇಡುತ್ತಾರೆ. ಮಾತಿನಲ್ಲಿ ಇಷ್ಟು ಮರ್ಯಾದೆಯಿರುವ ಈ ಅಂಚನ್ನು ಕನ್ನಡಿಯ ಮುಂದೆ ನಿಂತಾಗ ನಾವು ಗಮನಿಸುವುದೇ ಇಲ್ಲ. ಕಾಲರ್ ನೋಡುತ್ತೇವೆ, ಗುಂಡಿ ನೋಡುತ್ತೇವೆ, ಅಂಚನ್ನು ಪ್ಯಾಂಟಿನೊಳಗೆ ತುರುಕಿ ಹೊರಡುತ್ತೇವೆ.

ಈಜಿಪ್ಟಿನ ತರ್ಖಾನ್ ಎಂಬಲ್ಲಿ 1913ರಲ್ಲಿ ಫ್ಲಿಂಡರ್ಸ್ ಪೆಟ್ರಿ ಎಂಬ ಪುರಾತತ್ವಜ್ಞರಿಗೆ ಸಿಕ್ಕ ಲಿನನ್ ಅಂಗಿಯೊಂದು ಈಗ ಲಂಡನ್ನಿನ ಮ್ಯೂಸಿಯಮ್ಮಿನಲ್ಲಿದೆ. ಅದಕ್ಕೆ ಐದು ಸಾವಿರ ವರ್ಷ ದಾಟಿದೆಯೆಂದು 2015ರ ಪರೀಕ್ಷೆ ಖಚಿತಪಡಿಸಿತು. ಅದರ ತೋಳು ಉಳಿದಿದೆ, ನೆರಿಗೆ ಉಳಿದಿದೆ. ಕೆಳಗಿನ ಅಂಚು ಮಾತ್ರ ಹೋಗಿಬಿಟ್ಟಿದೆ. ಹಾಗಾಗಿ ಆ ಅಂಗಿ ಎಷ್ಟು ಉದ್ದವಿತ್ತೆಂದು ಯಾರೂ ಹೇಳಲಾರರು.

18ನೇ ಶತಮಾನದ ಯುರೋಪಿನಲ್ಲಿ ಷರ್ಟು ಒಳಉಡುಪಾಗಿತ್ತು. ಚೌಕ ತುಂಡುಗಳಿಂದ ಹೊಲಿದ ಅದರ ಅಂಚು ನೇರ, ಬದಿಗಳಲ್ಲಿ ಸೀಳು. ತೊಡೆಯವರೆಗೆ ಇಳಿಯುತ್ತಿದ್ದ ಹಿಂದು ಮುಂದಿನ ತುದಿಗಳನ್ನು ಕಾಲುಗಳ ನಡುವೆ ಸಿಕ್ಕಿಸಿಕೊಳ್ಳುತ್ತಿದ್ದರು. ಮುಂದೆ ಷರ್ಟು ಗಿಡ್ಡವಾಯಿತು, ಅಂಚು ಬಾಗಿತು. ಬದಿಯಲ್ಲಿ ಮೇಲೇರಿದ್ದರೆ ಸೊಂಟದಲ್ಲಿ ಬಟ್ಟೆ ಉಬ್ಬುವುದಿಲ್ಲ. ಹಿಂದೆ ಮುಂದೆ ಇಳಿದಿದ್ದರೆ ಬಗ್ಗಿದರೂ ಹೊರಬರುವುದಿಲ್ಲ. ಹೊರಗೆ ಬಿಡುವ ನಮ್ಮ ಜುಬ್ಬ, ಕುರ್ತಾಗಳಲ್ಲಿ ಅಂಚು ನೇರವಾಗಿಯೇ ಉಳಿಯಿತು. ನಡೆಯಲು ಅನುಕೂಲವಾಗಲೆಂದು ಬದಿಯ ಸೀಳು, ಅಂದರೆ 'ಚಾಕ್', ಕೂಡ ಉಳಿಯಿತು.

ಈ ಎರಡು ಅಂಚುಗಳ ಹೊಲಿಗೆಯೂ ಬೇರೆ ಬೇರೆ. ನೇರ ಅಂಚನ್ನು ಕಾಲು ಇಂಚು ಒಳಕ್ಕೆ ಮಡಿಚಿ, ಇಸ್ತ್ರಿ ಹಾಕಿ, ಮತ್ತೊಮ್ಮೆ ಒಂದು ಇಂಚು ಮಡಿಚಿ ಹೊಲಿಯಬಹುದು. ಬಾಗಿದ ಅಂಚನ್ನು ಅಷ್ಟು ಅಗಲ ಮಡಿಚಲಾಗದು. ಇಳಿದ ಕಡೆ ತುದಿಯ ಬಟ್ಟೆ ಹೆಚ್ಚಾಗಿ ಸುಕ್ಕುಗಟ್ಟುತ್ತದೆ, ಏರಿದ ಕಡೆ ಸಾಲದೆ ಎಳೆಯುತ್ತದೆ. ಆದ್ದರಿಂದ ದರ್ಜಿಗಳು ಕಾಲು ಇಂಚಿಗೂ ಕಡಿಮೆ, ಎರಡು ಸಲ ಮಡಿಚಿ, ಬಟ್ಟೆಯನ್ನು ಎಳೆಯದೆ ನಿಧಾನವಾಗಿ ಹೊಲಿಯುತ್ತಾರೆ.

ಬಡವರ ಮನೆಯ ಲೆಕ್ಕ ಇರುವುದು ಇಲ್ಲಿಯೇ. ಹಬ್ಬಕ್ಕೆ ಅಂಗಿ ಹೊಲಿಸುವಾಗ ನಮ್ಮ ತಾಯಂದಿರು "ಎರಡು ಬೆರಳು ಒಳಗೆ ಬಿಡಿ ಭಾಯಿ, ಹುಡುಗ ಬೆಳೀತಾನೆ" ಎಂದು ದರ್ಜಿಗೆ ಹೇಳುತ್ತಿದ್ದರು. ವರ್ಷ ಕಳೆದ ಮೇಲೆ ಮಡಿಕೆ ಬಿಚ್ಚಿ, ಸೂಜಿಯಿಂದ ತುರ್ಪಾಯಿ ಹಾಕುತ್ತಿದ್ದರು. ಅದೇ ಅಂಗಿ ಇನ್ನೊಂದು ಹಬ್ಬ ಕಾಣುತ್ತಿತ್ತು. ಬಾಗಿದ ಅಂಚಿನಲ್ಲಿ ನಾಳೆಗೆಂದು ಅಷ್ಟು ಬಟ್ಟೆ ಬಚ್ಚಿಡಲು ಜಾಗವಿಲ್ಲ.

ಬಿಚ್ಚಿದ ಮಡಿಕೆಯ ಜಾಗದಲ್ಲಿ ಮಾಸದ ಬಣ್ಣದ ಪಟ್ಟಿಯೊಂದು ಎದ್ದು ಕಾಣುತ್ತಿತ್ತು. ನಾಚಿಕೆಯಿಂದ ನಾವು ಅದನ್ನು ಚಡ್ಡಿಯೊಳಗೆ ಸೇರಿಸಿಕೊಂಡು ಶಾಲೆಗೆ ಹೋಗುತ್ತಿದ್ದೆವು. ಆ ಪಟ್ಟಿ ನಮ್ಮ ಒಂದು ವರ್ಷದ ಬೆಳವಣಿಗೆಯ ಅಳತೆಯಾಗಿತ್ತು, ತಾಯಿಯ ಉಳಿತಾಯವೂ ಆಗಿತ್ತು. ಅದು ನಮಗೆ ತಿಳಿಯುವ ಹೊತ್ತಿಗೆ ಆ ಅಂಗಿಗಳು ಒರೆಸುವ ಬಟ್ಟೆಯಾಗಿದ್ದವು.