ಎಂಜಿನ್ ಕೆಟ್ಟು ನಿಂತ ಕಾರು: ದುರಸ್ತಿಯೋ, ಗುಜರಿಯೋ – ವಾಹನ ಮಾಲೀಕರ ತಿಳುವಳಿಕೆಗಾಗಿ

ಸ್ವಂತ ಬಳಕೆಯ ಕಾರಿನ ಎಂಜಿನ್ ಸಂಪೂರ್ಣವಾಗಿ ಕೆಟ್ಟಾಗ ಅದನ್ನು ದುರಸ್ತಿ ಮಾಡಿಸಬೇಕೇ ಅಥವಾ ನೋಂದಣಿಯನ್ನು ರದ್ದುಪಡಿಸಿಕೊಂಡು ಗುಜರಿಗೆ ಹಾಕಬೇಕೇ ಎಂದು ಸಾರ್ವಜನಿಕರು ನೋಂದಣಿ ಕಚೇರಿಗಳಲ್ಲಿ ಆಗಾಗ್ಗೆ ವಿಚಾರಿಸುತ್ತಿರುತ್ತಾರೆ. ಈ ತೀರ್ಮಾನವು ಮಾಲೀಕರಿಗೆ ಬಿಟ್ಟ ವಿಷಯವಾಗಿರುತ್ತದೆ. ಆದಾಗ್ಯೂ, ತೀರ್ಮಾನಕ್ಕೆ ಮುನ್ನ ಹಾಕಬೇಕಾದ ಲೆಕ್ಕವನ್ನೂ, ತದನಂತರ ಅನುಸರಿಸಬೇಕಾದ ಕಾನೂನು ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ. ಲೆಕ್ಕ ತಪ್ಪಿದಲ್ಲಿ ನಷ್ಟವಾಗುವುದು ಹಣ ಮಾತ್ರ. ಕಾನೂನು ಕ್ರಮ ತಪ್ಪಿದಲ್ಲಿ ವಾಹನವು ಕೈಬಿಟ್ಟ ನಂತರವೂ ಅದರ ಹೊಣೆಯು ಮಾಲೀಕರ ಹೆಸರಿನಲ್ಲಿಯೇ ಉಳಿಯುತ್ತದೆ.

ದೋಷವನ್ನು ಖಚಿತಪಡಿಸಿಕೊಳ್ಳುವುದು

"ಎಂಜಿನ್ ಹೋಗಿದೆ" ಎಂಬ ಒಂದೇ ಮಾತಿನಡಿ ಹಲವು ಬಗೆಯ ದೋಷಗಳು ಅಡಗಿರುತ್ತವೆ. ಬ್ಯಾಟರಿ, ಸ್ಟಾರ್ಟರ್ ಮೋಟಾರ್ ಅಥವಾ ಇಂಧನ ಪಂಪ್ ಕೆಟ್ಟಾಗಲೂ ವಾಹನ ಚಾಲನೆಯಾಗುವುದಿಲ್ಲ. ಇವು ಎಂಜಿನ್ ವೈಫಲ್ಯಗಳಲ್ಲ. ರೇಡಿಯೇಟರ್ ನೀರು ಬತ್ತಿ ಎಂಜಿನ್ ಅತಿಯಾಗಿ ಕಾದಲ್ಲಿ ಸಿಲಿಂಡರ್ ಹೆಡ್ ಡೊಂಕಾಗಿ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಎಂಜಿನ್ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿರುವುದು ಇದರ ಸಾಮಾನ್ಯ ಲಕ್ಷಣ. ಟೈಮಿಂಗ್ ಬೆಲ್ಟ್ ತುಂಡಾದಲ್ಲಿ ಅನೇಕ ಎಂಜಿನ್‌ಗಳಲ್ಲಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ. ಇವೆರಡರಲ್ಲಿಯೂ ಕೆಲಸವು ಬಹುತೇಕ ಹೆಡ್‌ನ ಮಟ್ಟದಲ್ಲಿಯೇ ಮುಗಿಯಬಹುದು. ಆಯಿಲ್ ಇಲ್ಲದೆ ಓಡಿ ಎಂಜಿನ್ ಸೀಜ್ ಆಗಿದ್ದಲ್ಲಿ ಮಾತ್ರ ಕ್ರ್ಯಾಂಕ್ ಶಾಫ್ಟ್, ಬೇರಿಂಗ್ ಮತ್ತು ಸಿಲಿಂಡರ್ ಬೋರುಗಳವರೆಗೆ ಹಾನಿ ತಲುಪಿ ಖರ್ಚು ಏರುತ್ತದೆ.

ಆದುದರಿಂದ ಬಾಯಿಮಾತಿನ ಅಂದಾಜನ್ನು ಒಪ್ಪದೆ, ಪ್ರತಿ ಸಿಲಿಂಡರಿನ ಕಂಪ್ರೆಷನ್ ಪರೀಕ್ಷೆ ಮಾಡಿಸಿ ಅದರ ಅಂಕಿಗಳನ್ನು ಬರವಣಿಗೆಯಲ್ಲಿ ಪಡೆಯತಕ್ಕದ್ದು. ಎಂಜಿನ್ ಬಿಚ್ಚುವ ಮುನ್ನ, ಬಿಚ್ಚಿದ ಮೇಲೆ ದುರಸ್ತಿ ಬೇಡವೆಂದಾದಲ್ಲಿ ಎಷ್ಟು ಕೂಲಿ ಕೊಡಬೇಕಾಗುತ್ತದೆ ಎಂಬುದನ್ನೂ ಕೇಳಿಕೊಳ್ಳುವುದು ಸೂಕ್ತ. ಇದನ್ನು ಕೇಳದೆ ಬಿಚ್ಚಿಸಿ, ಬಿಡಿಭಾಗಗಳ ರಾಶಿಯ ಮುಂದೆ ನಿಂತು ತೀರ್ಮಾನ ಕೈಗೊಳ್ಳುವ ಮಾಲೀಕರಿಗೆ ಒಪ್ಪಿಕೊಳ್ಳುವುದನ್ನು ಬಿಟ್ಟು ಬೇರೆ ದಾರಿ ಇರುವುದಿಲ್ಲ.

ನೀರು ನುಗ್ಗಿದ ಎಂಜಿನ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾಗಿದೆ. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಯಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆ, ಬೆಳ್ಳಂದೂರು ಮತ್ತು ಯಮಲೂರು ಭಾಗಗಳಲ್ಲಿ ಕಾರುಗಳು ನೀರಿನಲ್ಲಿ ಮುಳುಗಿದ್ದನ್ನು ನಾಗರಿಕರು ಮರೆತಿರಲಾರರು. ನೀರು ಸಿಲಿಂಡರ್ ಸೇರಿರುವಾಗ ಕೀಲಿ ತಿರುಗಿಸಿದಲ್ಲಿ, ನೀರು ಗಾಳಿಯಂತೆ ಅದುಮಿಕೊಳ್ಳುವ ವಸ್ತುವಲ್ಲವಾದ್ದರಿಂದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕೀಲಿ ತಿರುಗಿಸದೆ ಎಳೆಸಿಕೊಂಡು ಹೋದ ಎಂಜಿನ್ ಉಳಿಯುವ ಸಂಭವ ಹೆಚ್ಚು. ವಿಮೆಯ ದೃಷ್ಟಿಯಿಂದಲೂ ಈ ವ್ಯತ್ಯಾಸವು ಮುಖ್ಯವಾದುದು: ಕೀಲಿ ತಿರುಗಿಸಿದ್ದರಿಂದ ಉಂಟಾದ ಹಾನಿಯನ್ನು ತದನಂತರದ ನಷ್ಟವೆಂದು ಪರಿಗಣಿಸಿ, ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇಲ್ಲದ ಮಾಲೀಕರ ಕೋರಿಕೆಯನ್ನು ವಿಮಾ ಕಂಪನಿಗಳು ತಿರಸ್ಕರಿಸುವುದುಂಟು. ಸವಕಳಿಯಿಂದ ಅಥವಾ ಯಾಂತ್ರಿಕ ದೋಷದಿಂದ ಎಂಜಿನ್ ಕೆಟ್ಟಲ್ಲಿ ಸಾಮಾನ್ಯ ಸಮಗ್ರ ವಿಮೆಯಲ್ಲಿ ಪರಿಹಾರ ದೊರೆಯುವುದಿಲ್ಲ. ಪ್ರವಾಹ, ಅಪಘಾತಗಳಂತಹ ವಿಮಾವ್ಯಾಪ್ತಿಯ ಪ್ರಕರಣಗಳಲ್ಲಿ ದುರಸ್ತಿ ವೆಚ್ಚವು ವಿಮೆಯಲ್ಲಿ ಘೋಷಿಸಿದ ಮೌಲ್ಯದ ಶೇ. 75ನ್ನು ಮೀರಿದಲ್ಲಿ ವಾಹನವನ್ನು ಪೂರ್ಣ ನಷ್ಟವೆಂದು ಪರಿಗಣಿಸಲಾಗುತ್ತದೆ. ಆಗ ಅವಶೇಷವು ಯಾರ ವಶಕ್ಕೆ ಹೋಗುತ್ತದೆ, ನೋಂದಣಿಯನ್ನು ಯಾರು ರದ್ದುಪಡಿಸುತ್ತಾರೆ ಎಂಬುದನ್ನು ಲಿಖಿತವಾಗಿ ಪಡೆಯದೆ ಕೀಲಿ ಹಸ್ತಾಂತರಿಸಬಾರದು.

ಹಾಕಬೇಕಾದ ಲೆಕ್ಕ

ದುರಸ್ತಿ ವೆಚ್ಚವು ಕಾರಿನ ಬೆಲೆಯ ಅರ್ಧಕ್ಕಿಂತ ಹೆಚ್ಚಾದಲ್ಲಿ ಗುಜರಿಗೆ ಹಾಕಬೇಕೆಂಬ ನಂಬಿಕೆ ಬಳಕೆಯಲ್ಲಿದೆ. ಈ ನಿಯಮವು ಒರಟಾದುದು. ನೋಡಬೇಕಾದ ಮೊತ್ತಗಳು ಮೂರು: ದುರಸ್ತಿಯಾದ ನಂತರ ಕಾರಿಗೆ ಬರಬಹುದಾದ ಬೆಲೆ, ದುರಸ್ತಿಯ ವೆಚ್ಚ, ಮತ್ತು ಇದ್ದ ಸ್ಥಿತಿಯಲ್ಲಿಯೇ ಮಾರಿದರೆ ಅಥವಾ ಗುಜರಿಗೆ ಹಾಕಿದರೆ ದೊರೆಯುವ ಹಣ. ಮೊದಲನೆಯದರಿಂದ ಎರಡನೆಯದನ್ನು ಕಳೆದು, ಉಳಿದುದನ್ನು ಮೂರನೆಯದರೊಂದಿಗೆ ಹೋಲಿಸತಕ್ಕದ್ದು.

ಉದಾಹರಣೆಗೆ, 9 ವರ್ಷದ ಕಾರೊಂದಕ್ಕೆ ದುರಸ್ತಿಯ ನಂತರ ರೂ. 2,40,000 ಬೆಲೆ ಬರಬಹುದು, ವೆಚ್ಚ ರೂ. 95,000, ಇದ್ದ ಸ್ಥಿತಿಯಲ್ಲಿ ರೂ. 80,000 ದೊರೆಯಬಹುದು ಎಂದಿಟ್ಟುಕೊಳ್ಳೋಣ. ದುರಸ್ತಿ ಮಾಡಿಸಿದಲ್ಲಿ ಉಳಿಯುವುದು ರೂ. 1,45,000. ಬಿಚ್ಚಿದ ಮೇಲೆ ಅಂದಾಜು ಹೆಚ್ಚುವುದು ಸಾಮಾನ್ಯವಾದ್ದರಿಂದ ವೆಚ್ಚಕ್ಕೆ ಶೇ. 25 ಸೇರಿಸಿದರೂ ರೂ. 1,21,250 ಉಳಿಯುತ್ತದೆ, ದುರಸ್ತಿಯೇ ಲಾಭಕರ. ಇದೇ ಲೆಕ್ಕವನ್ನು, ದುರಸ್ತಿಯ ನಂತರ ರೂ. 75,000 ಮಾತ್ರ ಬೆಲೆ ಬಾಳುವ ಹಳೆಯ ಕಾರಿಗೆ ಹಾಕಿ ನೋಡಿ. ವೆಚ್ಚ ರೂ. 60,000 ಆದಲ್ಲಿ ಉಳಿಯುವುದು ರೂ. 15,000, ಗುಜರಿಯಲ್ಲಿ ರೂ. 25,000 ದೊರೆಯುವುದಿದ್ದರೆ ದುರಸ್ತಿ ನಷ್ಟದ ಬಾಬತ್ತಾಗುತ್ತದೆ.

ಕಳೆದ ತಿಂಗಳು ಹೊಸ ಟೈರ್ ಹಾಕಿಸಿದ್ದೇವೆ, ಕ್ಲಚ್ ಬದಲಿಸಿದ್ದೇವೆ ಎಂಬುದು ದುರಸ್ತಿಗೆ ಅನೇಕರು ನೀಡುವ ಕಾರಣ. ಆ ಹಣ ಈಗಾಗಲೇ ಖರ್ಚಾಗಿದ್ದು, ಎರಡೂ ದಾರಿಗಳಲ್ಲಿ ಹಿಂದಿರುಗುವುದಿಲ್ಲ. ಹೊಸ ಟೈರುಗಳಿಂದ ಕಾರಿನ ಬೆಲೆ ಎಷ್ಟು ಹೆಚ್ಚಿದೆಯೋ ಅಷ್ಟನ್ನು ಮಾತ್ರ ಮೊದಲನೆಯ ಮೊತ್ತದಲ್ಲಿ ಸೇರಿಸಿಕೊಳ್ಳಬಹುದು. ಇನ್ನೊಂದೆಡೆ, ಕಾರನ್ನು ಮಾರದೆ ತಾವೇ ಇನ್ನೂ ಕೆಲವು ವರ್ಷ ಓಡಿಸುವವರಿಗೆ ಮಾರುಕಟ್ಟೆ ಬೆಲೆಯೊಂದೇ ಅಳತೆಯಲ್ಲ. ಅದೇ ಹಣಕ್ಕೆ ಕೊಳ್ಳುವ ಮತ್ತೊಂದು ಹಳೆಯ ಕಾರಿನ ದೋಷಗಳು ಅವರಿಗೆ ತಿಳಿದಿರುವುದಿಲ್ಲ. ತಮ್ಮ ಕಾರಿನದು ತಿಳಿದಿರುತ್ತದೆ. ಬಾಡಿ ತುಕ್ಕು ಹಿಡಿಯದೆ, ಗೇರ್ ಬಾಕ್ಸ್ ಮತ್ತು ಸಸ್ಪೆನ್ಷನ್ ಸುಸ್ಥಿತಿಯಲ್ಲಿದ್ದಲ್ಲಿ ದುರಸ್ತಿಯ ಕಡೆಗೆ ಒಲವು ತೋರುವುದು ತಪ್ಪಲ್ಲ. ಷಾಸಿಯೇ ತುಕ್ಕು ಹಿಡಿದಿದ್ದಲ್ಲಿ ಎಂಜಿನ್‌ಗೆ ಹಣ ಹಾಕುವುದು ವ್ಯರ್ಥ.

15 ವರ್ಷದ ಗಡಿ

ಸಾರಿಗೇತರ ವಾಹನದ ನೋಂದಣಿಯು ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 41ರನ್ವಯ 15 ವರ್ಷಗಳವರೆಗೆ ಊರ್ಜಿತವಾಗಿದ್ದು, ಆನಂತರ ಪ್ರತಿ ಬಾರಿ 5 ವರ್ಷಗಳಿಗೆ ನವೀಕರಿಸಿಕೊಳ್ಳಲು ಅವಕಾಶವಿದೆ. 15 ವರ್ಷ ತುಂಬಿದ ಮಾತ್ರಕ್ಕೆ ಖಾಸಗಿ ಕಾರನ್ನು ಗುಜರಿಗೆ ಹಾಕಲೇಬೇಕೆಂಬ ನಿಯಮ ಕರ್ನಾಟಕದಲ್ಲಿ ಇರುವುದಿಲ್ಲ. ದೆಹಲಿ ರಾಜಧಾನಿ ವಲಯಕ್ಕೆ ಸಂಬಂಧಿಸಿದ ನ್ಯಾಯಾಲಯದ ಆದೇಶಗಳನ್ನೂ, ಸರ್ಕಾರಿ ವಾಹನಗಳಿಗೆ 2023ರ ಏಪ್ರಿಲ್ 1ರಿಂದ ಅನ್ವಯಿಸಿದ ನಿಯಮವನ್ನೂ ಖಾಸಗಿ ವಾಹನಗಳಿಗೆ ಅನ್ವಯಿಸಿಕೊಂಡು ಗಾಬರಿಯಾಗುವ ಅಗತ್ಯವಿಲ್ಲ.

ಆದರೆ ಲೆಕ್ಕದ ಮೇಲೆ ಈ ಗಡಿಯ ಪರಿಣಾಮ ಉಂಟು. 2022ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಕಾರಿನ ನೋಂದಣಿ ನವೀಕರಣ ಶುಲ್ಕವನ್ನು ರೂ. 5,000ಕ್ಕೆ ಏರಿಸಲಾಗಿದ್ದು, 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟ್ ತಿಂಗಳ ತಿದ್ದುಪಡಿಯಲ್ಲಿ ರೂ. 10,000 ನಿಗದಿಪಡಿಸಲಾಯಿತು. ಇದಲ್ಲದೆ ಹಸಿರು ತೆರಿಗೆಯನ್ನೂ ಪಾವತಿಸಬೇಕಾಗುತ್ತದೆ. ನವೀಕರಣಕ್ಕಾಗಿ ನಮೂನೆ-25ರಲ್ಲಿ ಅರ್ಜಿ ಸಲ್ಲಿಸಿ ವಾಹನವನ್ನು ತಪಾಸಣೆಗೆ ಹಾಜರುಪಡಿಸತಕ್ಕದ್ದು. ಎಂಜಿನ್ ಬಿಚ್ಚಿಟ್ಟ ಕಾರನ್ನು ಹಾಜರುಪಡಿಸಲಾಗದು. ಆದ್ದರಿಂದ ನೋಂದಣಿ ಅವಧಿಯ ಕೊನೆಯ ತಿಂಗಳುಗಳಲ್ಲಿ ಎಂಜಿನ್ ಕೆಟ್ಟವರು, ನವೀಕರಣದ ವೆಚ್ಚವನ್ನೂ ವಿಳಂಬದ ದಂಡವನ್ನೂ ದುರಸ್ತಿಯ ಅಂದಾಜಿಗೆ ಸೇರಿಸಿಯೇ ಲೆಕ್ಕ ಹಾಕುವುದು.

ಬದಲಿ ಎಂಜಿನ್ ಅಳವಡಿಸಿದಲ್ಲಿ

ಎಂಜಿನ್ ಸಂಖ್ಯೆಯು ಸಿಲಿಂಡರ್ ಬ್ಲಾಕಿನ ಮೇಲೆ ಕೊರೆದಿದ್ದು ನೋಂದಣಿ ಪ್ರಮಾಣ ಪತ್ರದಲ್ಲಿಯೂ ನಮೂದಾಗಿರುತ್ತದೆ. ಹೆಡ್, ಪಿಸ್ಟನ್ ಬದಲಿಸಿದರೆ ಸಂಖ್ಯೆ ಬದಲಾಗುವುದಿಲ್ಲ. ಬ್ಲಾಕ್ ಬದಲಾದರೆ ಬದಲಾಗುತ್ತದೆ. ಅಂತಹ ಬದಲಾವಣೆಯನ್ನು ಕಲಂ 52ರನ್ವಯ 14 ದಿನಗಳೊಳಗಾಗಿ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ ಪ್ರಮಾಣ ಪತ್ರದಲ್ಲಿ ನಮೂದಿಸಿಕೊಳ್ಳತಕ್ಕದ್ದು. ವಿಮಾ ಕಂಪನಿಗೂ ತಿಳಿಸತಕ್ಕದ್ದು. ಹಳೆಯ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಅಗ್ಗವಾಗಿ ದೊರೆಯುವ ಎಂಜಿನ್‌ಗೆ ಖರೀದಿ ರಸೀದಿಯೂ, ಅದನ್ನು ಕಳಚಿದ ವಾಹನದ ದಾಖಲೆಯೂ ಇಲ್ಲದಿದ್ದಲ್ಲಿ ಕೊಳ್ಳಬಾರದು. ಅದು ಕಳವಾದ ಕಾರಿನದಾಗಿದ್ದರೆ ಉತ್ತರ ಹೇಳಬೇಕಾದವರು ಅದನ್ನು ಅಳವಡಿಸಿಕೊಂಡವರೇ.

ಗುಜರಿಗೆ ಹಾಕುವ ವಿಧಾನ

ವಾಹನವು ಶಾಶ್ವತವಾಗಿ ಬಳಕೆಗೆ ಬಾರದಂತಾದಲ್ಲಿ ಕಲಂ 55ರ ಪ್ರಕಾರ 14 ದಿನಗಳೊಳಗೆ ಅಥವಾ ಸಾಧ್ಯವಾದಷ್ಟು ಬೇಗ ಪ್ರಾಧಿಕಾರಕ್ಕೆ ವರದಿ ಮಾಡಿ ನೋಂದಣಿ ಪ್ರಮಾಣ ಪತ್ರವನ್ನು ಒಪ್ಪಿಸಬೇಕಾಗುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಅಧಿಸೂಚಿಸಲಾದ ವಾಹನ ಗುಜರಿ ಘಟಕಗಳ ನಿಯಮಗಳನ್ವಯ, ನೋಂದಾಯಿತ ಘಟಕಕ್ಕೇ ವಾಹನವನ್ನು ಒಪ್ಪಿಸುವುದು ಸರಿಯಾದ ಮಾರ್ಗ. ಘಟಕವು ಬೇರೆ ರಾಜ್ಯದ ವಾಹನವನ್ನೂ ಸ್ವೀಕರಿಸಬಹುದು. ಸಾಲದ ಅಡಮಾನ ನಮೂದಿದ್ದಲ್ಲಿ ಅದನ್ನು ಮೊದಲು ತೆಗೆಸಿ, ಬಾಕಿ ದಂಡಗಳನ್ನು ಪಾವತಿಸಿಕೊಂಡಿರಬೇಕು. ವಾಹನವನ್ನು ಒಪ್ಪಿಸಿದಾಗ ಠೇವಣಿ ಪ್ರಮಾಣ ಪತ್ರವೂ, ಕಳಚಿ ಮುಗಿದ ನಂತರ ಗುಜರಿ ಪ್ರಮಾಣ ಪತ್ರವೂ ದೊರೆಯುತ್ತವೆ. ಠೇವಣಿ ಪ್ರಮಾಣ ಪತ್ರದ ಆಧಾರದ ಮೇಲೆ ಹೊಸ ವಾಹನ ಕೊಂಡಲ್ಲಿ ನೋಂದಣಿ ಶುಲ್ಕ ವಿನಾಯಿತಿ ಇದ್ದು, ಸಾರಿಗೇತರ ವಾಹನಗಳಿಗೆ ಶೇ. 25ರವರೆಗೆ ತೆರಿಗೆ ರಿಯಾಯಿತಿ ನೀಡಲು ಕೇಂದ್ರ ನಿಯಮಗಳಲ್ಲಿ ಅವಕಾಶ ಕಲ್ಪಿಸಲಾಗಿದೆ. ಇದು ಗರಿಷ್ಠ ಮಿತಿಯಾಗಿದ್ದು, ತಮಗೆ ಅನ್ವಯಿಸುವ ಪ್ರಮಾಣವನ್ನು ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು. ಹೊಸ ಕಾರು ಕೊಳ್ಳುವ ಉದ್ದೇಶವಿದ್ದವರು ಈ ಮೊತ್ತವನ್ನು ಮೇಲಿನ ಲೆಕ್ಕದ ಮೂರನೆಯ ಅಂಕಿಗೆ ಸೇರಿಸಿಕೊಳ್ಳಬೇಕು. ಕೆಲವೊಮ್ಮೆ ತೀರ್ಮಾನವೇ ಬದಲಾಗಬಹುದು.

ರಸ್ತೆಬದಿಯ ಗುಜರಿ ವ್ಯಾಪಾರಿಯು ಕೆಲವು ಸಾವಿರ ಹೆಚ್ಚು ಕೊಡುವುದುಂಟು. ಆತನಿಗೆ ಕಾರನ್ನು ಕೊಟ್ಟು, ನೋಂದಣಿ ರದ್ದಾಗದೆ ಉಳಿದು, ವರ್ಷಗಳ ನಂತರ ದಂಡದ ಅಥವಾ ನ್ಯಾಯಾಲಯದ ನೋಟೀಸು ಹಿಡಿದು ಕಚೇರಿಗೆ ಬರುವ ಮಾಲೀಕರಿಗೆ ಸಹಾಯ ಮಾಡಲು ಸಿಬ್ಬಂದಿಯ ಬಳಿ ಹೆಚ್ಚಿನ ಮಾರ್ಗಗಳಿರುವುದಿಲ್ಲ. ವಾಹನವನ್ನು ಮಾರಿದ್ದರೂ ದಾಖಲೆಯಲ್ಲಿ ಹೆಸರಿರುವವರೇ ಅಪಘಾತ ಪರಿಹಾರಕ್ಕೆ ಹೊಣೆಗಾರರೆಂದು ಸರ್ವೋಚ್ಚ ನ್ಯಾಯಾಲಯವು 2018ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ.

ಕ್ಲೇಮು ಮಾಡದೆ ಗಳಿಸಿದ ವಿಮಾ ರಿಯಾಯಿತಿಯು ಮಾಲೀಕರಿಗೆ ಸೇರಿದುದೇ ಹೊರತು ಕಾರಿಗಲ್ಲ. ವಾಹನವನ್ನು ಒಪ್ಪಿಸಿದ ಕೂಡಲೇ ವಿಮಾ ಕಂಪನಿಯಿಂದ ತತ್ಸಂಬಂಧ ಪತ್ರ ಪಡೆದಲ್ಲಿ 3 ವರ್ಷಗಳೊಳಗೆ ಕೊಳ್ಳುವ ಮತ್ತೊಂದು ಕಾರಿಗೆ ಅದನ್ನು ಬಳಸಿಕೊಳ್ಳಬಹುದಾಗಿದೆ. ಜೀವಾವಧಿ ತೆರಿಗೆಯ ಮರುಪಾವತಿಗೆ ಅರ್ಹತೆ ಇದೆಯೇ ಎಂಬುದನ್ನು ನೋಂದಣಿ ರದ್ದತಿಯ ಆದೇಶ ಪಡೆಯುವ ದಿನವೇ ಅದೇ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳತಕ್ಕದ್ದು.