ನೆಲದೊಳಗಿನ ಚಿನ್ನ, ಷೇರಿನೊಳಗಿನ ಚಿನ್ನ

ಅಹಮದಾಬಾದಿನ ಮಾಣೆಕ್ ಚೌಕದಲ್ಲಿ ಚಿನ್ನದ ಅಂಗಡಿಗಳ ನಡುವೆಯೇ ಹಳೆಯ ಷೇರುಪೇಟೆಯ ಕಟ್ಟಡವಿದೆ. ಇಲ್ಲಿನ ಷೇರು ದಲ್ಲಾಳಿಗಳ ಸಂಘ ಶುರುವಾದದ್ದು 1894ರಲ್ಲಿ. ಷೇರಿನ ಹುಚ್ಚು ಅದಕ್ಕಿಂತ ಹಳೆಯದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಬೆಲೆ ಏರಿ ಬೊಂಬಾಯಿಯಲ್ಲಿ ಹಣ ಹರಿದಾಗ, ಸಮುದ್ರ ತುಂಬಿಸಿ ನೆಲ ಮಾಡುತ್ತೇವೆಂದ ಬ್ಯಾಕ್ ಬೇ ಕಂಪನಿಯ ಷೇರಿಗೆ ಜನ ಮುಗಿಬಿದ್ದರು. ಆ ಆಟದ ನಾಯಕ ಸೂರತ್ ಮೂಲದ ಪ್ರೇಮಚಂದ್ ರಾಯಚಂದ್. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಎಲ್ಲ ಕುಸಿಯಿತು.

ಕಣ್ಣಿಗೆ ಕಾಣದ ನೆಲದ ಮೇಲೆ ಹಣ ಹೂಡುವ ಈ ಆಟ ಚಿನ್ನದ ಗಣಿಯಲ್ಲೂ ಇದೆ. ಸೂರತ್ತಿನಲ್ಲಿರುವ ನನ್ನ ಗೆಳೆಯನೊಬ್ಬ, ಕೋಲಾರದ ಕಡೆಯವನು, ತಂಗಿಯ ಮದುವೆಗೆಂದು ಕೂಡಿಟ್ಟ ಹಣವನ್ನು ಸಣ್ಣ ಗಣಿ ಕಂಪನಿಯೊಂದಕ್ಕೆ ಹಾಕಲೇ ಎಂದು ವಡೋದರಾಕ್ಕೆ ಬಂದಾಗ ಕೇಳಿದ. "ಕೆಜಿಎಫ್ ನೋಡಿ ಬೆಳೆದವನಿಗೆ ಭಯ ಯಾಕೋ?" ಎನ್ನುವುದು ಅವನ ವಾದ. ನನಗನ್ನಿಸುವುದು, ಭಯಪಡಬೇಕಾದ ಕಾರಣ ಕೆಜಿಎಫ್‌ನ ಕಥೆಯಲ್ಲೇ ಇದೆ.

ಕೋಲಾರಕ್ಕಿಂತ ಮೊದಲು ಲಂಡನ್ನಿನವರ ಕಣ್ಣು ಬಿದ್ದದ್ದು ವೈನಾಡಿನ ಮೇಲೆ. ಗೂಡಲೂರಿನ ಆಚೆಯ ದೇವಾಲ, ಪಂದಲೂರುಗಳಲ್ಲಿ ಹಳೆಯ ಕಾಲದ ಚಿನ್ನದ ಗುಂಡಿಗಳಿದ್ದವು. ಆಸ್ಟ್ರೇಲಿಯಾದಿಂದ ಬಂದ ಬ್ರೋ ಸ್ಮಿತ್ ಭರವಸೆಯ ವರದಿ ಕೊಟ್ಟ. 1879ರಿಂದ 1881ರೊಳಗೆ ಮೂವತ್ತಕ್ಕೂ ಹೆಚ್ಚು ಕಂಪನಿಗಳು ಹುಟ್ಟಿದವು. ಷೇರುದಾರರ ಹಣದ ಬಹುಪಾಲು ಅಗೆಯುವುದಕ್ಕೆ ಹೋಗಲಿಲ್ಲ. ಕಾಫಿ ತೋಟದ ನೆಲಕ್ಕೆ ಹುಚ್ಚು ಬೆಲೆ ಕೊಡಲು ಹೋಯಿತು. ಆರಿಸಿ ತೆಗೆದ ಕಲ್ಲಿನಲ್ಲಿ ಹೊಳೆದ ಚಿನ್ನ ಟನ್ನುಗಟ್ಟಲೆ ಕಲ್ಲು ಕುಟ್ಟಿದಾಗ ಸಿಗಲಿಲ್ಲ. ಕೆಲವೇ ವರ್ಷಗಳಲ್ಲಿ ಕಂಪನಿಗಳು ಮುಳುಗಿದವು.

ಕೋಲಾರವೂ ಹಾಗೆಯೇ ಮುಳುಗುವುದರಲ್ಲಿತ್ತು. ಮೈಕೆಲ್ ಲಾವೆಲ್ ಮೈಸೂರು ಸರ್ಕಾರದಿಂದ 1875ರಲ್ಲಿ ಹಕ್ಕು ಪಡೆದ. ಹಣ ಸಾಲದೆ ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟ. 1880ರಲ್ಲಿ ಹುಟ್ಟಿದ ಮೈಸೂರು ಕಂಪನಿಯ ಬೊಕ್ಕಸ ಮೂರ್ನಾಲ್ಕು ವರ್ಷದಲ್ಲಿ ಬರಿದಾಗುತ್ತ ಬಂತು. ಉಳಿದ ಅಷ್ಟಿಷ್ಟು ಹಣವನ್ನೂ ಅಲ್ಲಿಯೇ ಸುರಿಯೋಣ ಎಂದು ಹಟ ಹಿಡಿದದ್ದು ಜಾನ್ ಟೇಲರ್ ಸಂಸ್ಥೆ. ಕ್ಯಾಪ್ಟನ್ ಪ್ಲಮ್ಮರ್ ನಮ್ಮ ಪೂರ್ವಿಕರು ತೋಡಿದ್ದ ಗುಂಡಿಗಳ ಜಾಡು ಹಿಡಿದು ಇಳಿದಾಗ ಚಾಂಪಿಯನ್ ಲೋಡ್ ಸಿಕ್ಕಿತು. ಹಣ ಇನ್ನೊಂದಿಷ್ಟು ಬೇಗ ಮುಗಿದಿದ್ದರೆ ಕೋಲಾರ ಇನ್ನೊಂದು ವೈನಾಡು.

ಎರಡೂ ಕಡೆ ಹಳೆಯ ಗುಂಡಿಗಳಿದ್ದವು, ಎರಡೂ ಕಡೆ ಲಂಡನ್ನಿನ ಹಣವಿತ್ತು. ನಾವು ನೆನಪಿಟ್ಟುಕೊಂಡದ್ದು ಗೆದ್ದದ್ದನ್ನು ಮಾತ್ರ. ಗೆದ್ದ ಕೋಲಾರವೂ 2001ರ ಫೆಬ್ರವರಿ 28ರಂದು ಮುಚ್ಚಿತು. ಮೂರು ಕಿಲೋಮೀಟರಿಗೂ ಆಳದಲ್ಲಿ ಚಿನ್ನ ಇನ್ನೂ ಇತ್ತು. ತೆಗೆಯುವ ಖರ್ಚು ಅದರ ಬೆಲೆಯನ್ನು ಮೀರಿತ್ತು.

ಆದ್ದರಿಂದ "ಚಿನ್ನ ಇದೆಯೇ?" ಎಂದಷ್ಟೇ ಕೇಳಿದರೆ ಸಾಲದು. ಒಂದು ಟನ್ ಕಲ್ಲಿಗೆ ಎಷ್ಟು ಗ್ರಾಂ? ಅದನ್ನು ಅಳೆದವರು ಯಾರು? ಕೈಯಲ್ಲಿರುವ ಹಣ ಎಷ್ಟು ತಿಂಗಳಿಗೆ ಸಾಕು? ಸಾಲದಿದ್ದರೆ ಹೊಸ ಷೇರು ಬರುತ್ತದೆ, ನಮ್ಮ ಪಾಲು ತೆಳುವಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಗಣಿ ಗುತ್ತಿಗೆ ಕೈಗೆ ಬಂದಿದೆಯೇ? ಹುಡುಕುವ ಪರವಾನಗಿ ಬೇರೆ, ಅಗೆಯುವ ಗುತ್ತಿಗೆ ಬೇರೆ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ಬಂದು ಗುತ್ತಿಗೆಗಳು ಹರಾಜಿಗೆ ಹೋದವು. ಮೊದಲೇ ಹುಡುಕಿದ್ದವರಿಗೆ ಉಳಿಸಿದ್ದ ಹಕ್ಕುಗಳಲ್ಲಿ ಬಾಕಿ ಉಳಿದವು 2021ರ ತಿದ್ದುಪಡಿಯಲ್ಲಿ ರದ್ದಾದವು. ಹಾವೇರಿ ಜಿಲ್ಲೆಯ ಗಣಾಜೂರಿನಲ್ಲಿ ಚಿನ್ನ ಪತ್ತೆಯಾಗಿ ಎಷ್ಟೋ ವರ್ಷಗಳಾದವು.

ಇಷ್ಟಕ್ಕೂ ಉತ್ತರ ಸಿಕ್ಕ ಮೇಲೆ ಹೂಡುವುದು ತಪ್ಪಲ್ಲ. ಚಾಂಪಿಯನ್ ಲೋಡ್ ಸಿಕ್ಕಿದ್ದೂ ಹೂಡಿದವರಿಗೇ. ಆದರೆ ಹೂಡುವ ಹಣ, ಹೋದರೂ ಮನೆಯ ಯಾವ ಕೆಲಸವೂ ನಿಲ್ಲದಂಥ ಹಣವಾಗಿರಬೇಕು.